ಎರಡು ಪಿಲ್ಲರ್‌ಗಳ ನಡುವಿನ ನಾಲ್ಕೂವರೆ ಇಂಚು

ನಾನು ಮನೆಯಲ್ಲೇ ಬಟ್ಟೆ ಹೊಲಿದುಕೊಡುವವಳು. ಮೈಸೂರಿನ ನಮ್ಮ ಮನೆಯ ಮುಂದಿನ ಕೋಣೆ ಉದ್ದ 10 ಅಡಿ, ಅಗಲ 9 ಅಡಿ. ಅಷ್ಟರಲ್ಲೇ ಎರಡು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಬಂದವರು ಕೂರಲು ಒಂದು ಬೆಂಚು. ದಸರಾ ಹತ್ತಿರವಾದರೆ ರವಿಕೆ ಕಣಗಳ ಗಂಟು ಬೆಂಚಿನ ಮೇಲೆ, ಸೀರೆಯ ಚೀಲ ಕುರ್ಚಿಯ ಮೇಲೆ, ದಾರದ ಡಬ್ಬಿ ನೆಲದ ಮೇಲೆ. ಬೀರು ತಂದಿಡೋಣವೆಂದರೆ ಒಂದೂವರೆ ಅಡಿ ಆಳದ ಬೀರು ಬಂದ ಮೇಲೆ ಯಂತ್ರದ ಮುಂದೆ ಕಾಲು ಚಾಚಲು ಜಾಗವಿಲ್ಲ.

ಜಾಗ ಗೋಡೆಯಲ್ಲೇ ಇತ್ತು. ಪಿಲ್ಲರ್ ಹಾಕಿ ಕಟ್ಟಿದ ಮನೆಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಪಿಲ್ಲರ್ 9 ಇಂಚು, ನಡುವಿನ ಗೋಡೆ 4.5 ಇಂಚು. ಗೋಡೆಯನ್ನು ಪಿಲ್ಲರಿನ ಆಚೆಯ ಅಂಚಿಗೆ ಸಮವಾಗಿ ಕಟ್ಟಿರುವುದರಿಂದ ಈಚೆಯ ಕೋಣೆಯಲ್ಲಿ ಎರಡು ಪಿಲ್ಲರ್‌ಗಳ ನಡುವೆ 4.5 ಇಂಚಿನ ತಗ್ಗು ಉಳಿಯುತ್ತದೆ. ನಮ್ಮಲ್ಲಿ ಅದು ಹೆಚ್ಚುಕಡಿಮೆ 8 ಅಡಿ ಉದ್ದ. ಅಷ್ಟು ವರ್ಷ ಅಲ್ಲಿ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು, ಅಷ್ಟೆ. ಅಲ್ಲೊಂದು ಕಪಾಟು ಮಾಡಿಸಲು ಹೊರಟೆ.

ನಾಲ್ಕೂವರೆ ಇಂಚಿನಲ್ಲಿ ಏನು ಹಿಡಿಯುತ್ತದೆ ಎಂದು ಎಲ್ಲರೂ ಕೇಳಿದರು. ನನಗೆ ನೆನಪಾದದ್ದು ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಕಟ್ಟುವಾಗಲೇ ಅಲ್ಲಲ್ಲಿ ಗೂಡು ಬಿಟ್ಟಿದ್ದರು. ದೀಪದ ಗೂಡು ದೀಪದಷ್ಟೇ ಆಳ, ಎಲೆಅಡಿಕೆ ತಟ್ಟೆಯ ಗೂಡು ತಟ್ಟೆಯಷ್ಟೇ ಆಳ. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತಿತ್ತು, ಏಕೆಂದರೆ ಒಂದರ ಹಿಂದೆ ಇನ್ನೊಂದು ಅಡಗಲು ಅಲ್ಲಿ ಜಾಗವೇ ಇರಲಿಲ್ಲ. ಆಳವಾದ ಕಪಾಟಿನಲ್ಲಿ ಹಿಂದಿನ ಸಾಲಿಗೆ ಹೋದ ವಸ್ತು ಕಳೆದುಹೋದಂತೆಯೇ. ಆದ್ದರಿಂದ ಒಂದು ಸಾಲಿಗೆ ಸಾಕಾಗುವಷ್ಟು ಆಳವೇ ಸರಿಯಾದ ಆಳ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಈಗಿನ ಗೋಡೆಯನ್ನು ಒಡೆದು ಗೂಡು ಮಾಡಲು ಹೋಗಬೇಡಿ. 4.5 ಇಂಚಿನ ಗೋಡೆಯಲ್ಲಿ ಇರುವುದು ಒಂದೇ ಇಟ್ಟಿಗೆಯ ದಪ್ಪ. ಪಿಲ್ಲರ್ ಇಲ್ಲದ ಮನೆಯಾದರೆ 9 ಇಂಚಿನ ಗೋಡೆಯೇ ಮೇಲಿನ ಛಾವಣಿಯನ್ನು ಹೊತ್ತಿರುತ್ತದೆ. ಇನ್ನು ಪಿಲ್ಲರ್ ಮತ್ತು ಬೀಮ್‌ಗೆ ಉಳಿಯನ್ನೂ ತಾಗಿಸಬಾರದು. ಒಳಗಿನ ಕಬ್ಬಿಣ ಒಮ್ಮೆ ಗಾಳಿಗೆ ತೆರೆದುಕೊಂಡರೆ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನೇ ಸೀಳುತ್ತದೆ. ಇರುವ ತಗ್ಗನ್ನೇ ಬಳಸಿಕೊಳ್ಳಿ, ಹೊಸ ತಗ್ಗು ತೋಡಬೇಡಿ.

ಕೆಲಸಕ್ಕೆ ಕೈ ಹಾಕುವ ಮೊದಲು ತೇವ ನೋಡಿ. ಇದನ್ನು ನಾನು ಕಲಿತದ್ದು ನಷ್ಟದಿಂದ. 2011ರಲ್ಲಿ ಇನ್ನೊಂದು ಕೋಣೆಯಲ್ಲಿ ಬಡಗಿಯೊಬ್ಬರಿಂದ ಗೋಡೆಗೆ ಅಂಟಿದಂತೆ ಮರದ ಕಪಾಟು ಮಾಡಿಸಿದ್ದೆ. ಗೋಡೆಯ ಆಚೆ ಬಚ್ಚಲು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಿಂಬದಿಯ ಹಲಗೆ ಉಬ್ಬಿ, ಕುಚ್ಚು ಹಾಕಲು ಕೊಟ್ಟಿದ್ದ ಎರಡು ರೇಷ್ಮೆ ಸೀರೆಗಳಿಗೆ ಬೂಷ್ಟಿನ ಚುಕ್ಕೆ ಬಿದ್ದಿತ್ತು. ಒಂದು ಸೀರೆ, ಕೊಟ್ಟಿದ್ದವರ ಮಗಳ ನಿಶ್ಚಿತಾರ್ಥದ್ದು. ಹಣ ಕಟ್ಟಿಕೊಟ್ಟೆ, ಆದರೆ ಅದನ್ನು ಬಿಡಿಸಿ ನೋಡಿದಾಗಿನ ಆ ತಾಯಿಯ ಮುಖ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಯಾವ ಗೋಡೆಯನ್ನೂ ಪರೀಕ್ಷಿಸದೆ ನಂಬುವುದಿಲ್ಲ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕೂತರೆ ಅದು ಕೋಣೆಯ ಗಾಳಿಯದು. ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಂದು, ಎದೆಯೆತ್ತರದಲ್ಲಿ ಒಂದು ಹಾಳೆ ಅಂಟಿಸಿ, ಮಳೆಗಾಲದಲ್ಲೇ ಮಾಡಿ. ಒಳಗೆ ಹನಿ ಕಂಡರೆ ಮೊದಲು ನೀರಿನ ಮೂಲ ಹುಡುಕಿ ಸರಿಪಡಿಸಿ, ಕಪಾಟಿನ ಮಾತು ಆಮೇಲೆ.

ನಂತರ ಅಳತೆ. ಮೈ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ, ಇಲ್ಲೂ ಹಾಗೆಯೇ. ಗೋಡೆಗಿಂತ ಮೊದಲು ಇಡುವ ವಸ್ತುಗಳನ್ನು ಅಳೆಯಿರಿ. ನಾನು ಕೋಣೆಯಲ್ಲಿದ್ದ ಎಲ್ಲವನ್ನೂ ಚಾಪೆಯ ಮೇಲೆ ಹರಡಿ ಬರೆದುಕೊಂಡೆ. ದಾರದ ರೀಲು 3 ಇಂಚಿಗಿಂತ ಕಡಿಮೆ. ಗುಂಡಿ, ಹುಕ್ಕಿನ ಸ್ಟೀಲ್ ಡಬ್ಬಿ 4 ಇಂಚು. ರವಿಕೆ ಕಣ ಮಡಿಚುವ ರೀತಿಯನ್ನು ಸ್ವಲ್ಪ ಬದಲಿಸಿದರೆ 5.5 ಇಂಚು ಅಗಲಕ್ಕೆ ಬಂದು, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಗೋಡೆಗೆ ಸಮಾನಾಂತರವಾಗಿ ಅಡ್ಡ ಇಟ್ಟರೆ 5 ಇಂಚು. ಎಲ್ಲಕ್ಕೂ 6 ಇಂಚು ಸಾಕೆಂದು ಗೊತ್ತಾಯಿತು. ತಗ್ಗು 4.5, ಅದರಾಚೆ ಕೋಣೆಗೆ ಚಾಚುವುದು ಬರೀ ಒಂದೂವರೆ ಇಂಚು.

ಗೋಡೆಯನ್ನು ಮೂರು ಕಡೆ ಅಳೆಯಿರಿ: ಬುಡದಲ್ಲಿ, ಸೊಂಟದೆತ್ತರದಲ್ಲಿ, ತಲೆಯ ಮೇಲೆ. ನಮ್ಮ ಗೋಡೆ ಬುಡದಲ್ಲಿ 7 ಅಡಿ 11 ಇಂಚು, ಮೇಲೆ ಅರ್ಧ ಇಂಚು ಕಡಿಮೆ. ಕಿರಿದಾದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಉಳಿದ ಸಂದನ್ನು ಸಿಮೆಂಟು ತುಂಬುತ್ತದೆ. ಆಮೇಲೆ ಹೊಲಿಗೆಯವರ ಅಭ್ಯಾಸದಂತೆ ಹಳೆಯ ದಿನಪತ್ರಿಕೆಯನ್ನು ಕಪಾಟಿನ ಆಕಾರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ, ಒಂದು ವಾರ ಅದರೊಂದಿಗೆ ಕೆಲಸ ಮಾಡಿದೆ. ಮೇಲಿನ ಸಾಲಿಗೆ ಕೈ ಎಟುಕುವುದಿಲ್ಲ, ಒಂದು ಸಾಲು ಸ್ವಿಚ್‌ಬೋರ್ಡಿಗೆ ಅಡ್ಡ ಬರುತ್ತದೆ ಎಂದೆಲ್ಲ ತಿಳಿದದ್ದು ಆ ಕಾಗದದಿಂದ. ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ವೈರಿನ ಪೈಪು ಹೋಗಿರುತ್ತದೆ. ಆ ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡಿ. ಬೋರ್ಡನ್ನೇ ಪಿಲ್ಲರಿನ ಪಕ್ಕದ ಗೋಡೆಗೆ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ನಾನು ಹಾಗೆಯೇ ಮಾಡಿಸಿದೆ.

ಮರ ಬೇಡವೆಂದು ಕಡಪ ಕಲ್ಲು ಆರಿಸಿದೆ. ಗೆದ್ದಲಿಲ್ಲ, ಉಬ್ಬುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುಕ್ಕಾಲು ಇಂಚಿನ ಕಲ್ಲು ಚದರಡಿಗೆ ಸುಮಾರು 4.5 ಕಿಲೋ ತೂಗುತ್ತದೆ. ಆ ಭಾರವನ್ನು ಗೋಡೆ ಹೊರಬಾರದು, ನೆಲ ಹೊರಬೇಕು. ಇದೊಂದನ್ನು ಮೇಸ್ತ್ರಿಗೆ ಬಿಡಿಸಿ ಹೇಳಿ. ಹಲವರು ಗೋಡೆಗೆ ಕೊರೆದು ಕಲ್ಲು ತುರುಕುತ್ತಾರೆ, 4.5 ಇಂಚಿನ ಗೋಡೆಗೆ ಅದು ಹೆಚ್ಚಾಗುತ್ತದೆ.

ನಾವು ಮಾಡಿದ್ದು ಹೀಗೆ. 8 ಅಡಿಯನ್ನು ಮೂರು ಅಂಕಣ ಮಾಡಿದೆವು, ನಿಲುಗಲ್ಲುಗಳ ದಪ್ಪ ಬಿಟ್ಟು ಒಂದೊಂದರ ಒಳಅಗಲ 2 ಅಡಿ 6 ಇಂಚು. ಅದಕ್ಕಿಂತ ಅಗಲವಾದರೆ ನಡುವೆ ಆಧಾರವಿಲ್ಲದ ಕಲ್ಲು ತುಂಬಿದ ಭಾರಕ್ಕೆ ಬಿರಿಯುವ ಭಯ. ನೆಲದ ಮೇಲೆ 4 ಇಂಚು ಎತ್ತರದ ನಿಲುಗಲ್ಲುಗಳು, ಅವುಗಳ ಮೇಲೆ ಅಡ್ಡಗಲ್ಲು, ಅದರ ಮೇಲೆ ಮತ್ತೆ ನಿಲುಗಲ್ಲು. ಹೀಗೆ ಇಸ್ಪೀಟಿನ ಮನೆ ಏರಿಸಿದಂತೆ ಆರು ಸಾಲು. ಅಂಕಣಗಳು ಸೇರುವಲ್ಲಿ ನಿಲುಗಲ್ಲು ಒಂದಲ್ಲ, ಎರಡು ಜೋಡಿಯಾಗಿ. ಒಂದೇ ಕಲ್ಲಿನ ಮೇಲೆ ಎರಡು ಕಡೆಯ ಅಡ್ಡಗಲ್ಲು ಕೂತರೆ ಒಂದೊಂದಕ್ಕೆ ಅರ್ಧ ಇಂಚಿನ ಆಧಾರವೂ ಸಿಗುವುದಿಲ್ಲ. ಬುಡದ 4 ಇಂಚನ್ನು ಪೊರಕೆ ಆಡಲೆಂದು ಖಾಲಿ ಬಿಟ್ಟಿದ್ದೇವೆ.

ಗೋಡೆಗೆ ತಾಗಿಸಿದ್ದು ಅರ್ಧ ಇಂಚು, ಅದೂ ಪ್ಲಾಸ್ಟರಿನಷ್ಟೇ ಆಳ. ಅಡ್ಡಗಲ್ಲಿನ ಅಗಲ ಇದಕ್ಕಾಗಿ 6.5 ಇಂಚು ಇಟ್ಟೆವು. ಮೇಸ್ತ್ರಿ ರಸಮಟ್ಟ ಹಿಡಿದು ಪೆನ್ಸಿಲ್ ಗೆರೆ ಎಳೆದರು, ಕಟಿಂಗ್ ಮೆಷಿನ್ನಿಗೆ ನೀರು ಹನಿಸುತ್ತಾ ಗೆರೆ ಸೀಳಿದರು, ಸಣ್ಣ ಉಳಿಯಿಂದ ಪ್ಲಾಸ್ಟರ್ ಎಬ್ಬಿಸಿದರು. ಕೆಂಪು ಇಟ್ಟಿಗೆ ಕಂಡಲ್ಲಿಗೆ ಕೈ ನಿಲ್ಲಿಸಿದರು. ಆ ಸೀಳಿಗೆ ನೀರು ಚಿಮುಕಿಸಿ, ಜರಡಿ ಹಿಡಿದ ಮರಳಿನ ಗಾರೆ ಮೆತ್ತಿ, ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ದೂಡಿದಾಗ ಗಾರೆ ಅಂಚಿನಿಂದ ತುಸು ಉಕ್ಕಿತು. ಹಾಗೆ ಉಕ್ಕಬೇಕು, ಉಕ್ಕದಿದ್ದರೆ ಒಳಗೆ ಪೊಳ್ಳು ಉಳಿದಿದೆ ಎಂದರ್ಥ. ಪಿಲ್ಲರಿನ ಬದಿಗೆ ಕೊರೆತವೇ ಇಲ್ಲ, ನಿಲುಗಲ್ಲು ಅದಕ್ಕೆ ಒರಗಿ ನಿಂತಿದೆ ಅಷ್ಟೆ.

ಒಂದು ದಿನಕ್ಕೆ ಮೂರು ಸಾಲು ಸಾಕು, ಕೆಳಗಿನದು ಬಿಗಿಯಬೇಕು. ಏಳು ದಿನ ಸಂದುಗಳಿಗೆ ನೀರು ಚಿಮುಕಿಸಿ, ಇನ್ನೊಂದು ವಾರ ಒಣಗಲು ಬಿಟ್ಟು, ಆಮೇಲೆ ಬಟ್ಟೆ ಇಟ್ಟೆ.

ಕಲ್ಲು ಕೊಳ್ಳುವಾಗ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ, ಮುಂದಿನ ಅಂಚನ್ನು ಗುಂಡಗೆ ಉಜ್ಜಿಸಿ. ಇಲ್ಲದಿದ್ದರೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ನಮಗೆ ಬೇಕಾದದ್ದು ಸುಮಾರು 44 ಚದರಡಿ. ಒಡೆಯುವುದು, ಕತ್ತರಿಸಿ ಉಳಿಯುವುದು ಸೇರಿ 48 ತಂದೆವು. ಕಲ್ಲೇ ಸುಮಾರು 200 ಕಿಲೋ. ನಮ್ಮದು ನೆಲಮನೆ. ಮಹಡಿಯಲ್ಲಿ ಮಾಡುವವರು ಗೋಡೆಯ ಕೆಳಗೆ ಬೀಮ್ ಇದೆಯೇ ಎಂದು ಇಂಜಿನಿಯರ್ ಒಬ್ಬರಿಂದ ನೋಡಿಸಿಕೊಂಡೇ ಮುಂದುವರಿಯಿರಿ. ಅಡುಗೆಮನೆಯಲ್ಲಿ ಇದೇ ಕಲ್ಲು ಹಾಕುವುದಾದರೆ ಹುಣಸೆ, ನಿಂಬೆಯ ಹುಳಿ ತಾಗದಂತೆ ಎಚ್ಚರವಿರಲಿ. ಕಡಪ ಸುಣ್ಣದ ಅಂಶದ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ. ಉಪ್ಪಿನಕಾಯಿ ಭರಣಿಯ ಕೆಳಗೆ ತಟ್ಟೆ ಇಡಿ.

ಇಂಥ ತಗ್ಗು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಬಾಗಿಲ ಹಿಂದೆ ನೋಡಿ. ಬಾಗಿಲು ಪೂರ್ತಿ ತೆರೆದಾಗ ಅದರ ಹಿಡಿಗೂ ಗೋಡೆಗೂ ನಡುವೆ 4 ಇಂಚು ಉಳಿದರೆ ಸಾರಿನ ಪುಡಿ, ಸಾಸಿವೆ ಡಬ್ಬಿಗಳ ಒಂದು ಸಾಲು ಅಲ್ಲಿ ನಿಲ್ಲುತ್ತದೆ. ಬಾಗಿಲು ಬಡಿಯದಂತೆ ನೆಲಕ್ಕೊಂದು ತಡೆ ಹಾಕಿಸಬೇಕು. ಬಾಗಿಲ ಮೇಲಿನ ಸಜ್ಜಾ ವರ್ಷಕ್ಕೊಮ್ಮೆ ಇಳಿಸುವ ದಸರಾ ಗೊಂಬೆಗಳ ಪೆಟ್ಟಿಗೆಗೆ ಮಾತ್ರ. ದಿನವೂ ಬೇಕಾದದ್ದನ್ನು ಅಲ್ಲಿಡಬೇಡಿ.

ಕಪಾಟಿಗೆ ಬಾಗಿಲು ಮಾಡಿಸಲಿಲ್ಲ, ಪರದೆ ಹೊಲಿದೆ. ಬಿಸಿಲಿಗೆ ಬಣ್ಣ ಮಾಸುವುದಿಲ್ಲ, ಧೂಳು ಕೂರುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ದಪ್ಪ ಬಿಳಿ ಹತ್ತಿ ಬಟ್ಟೆ ಒಳ್ಳೆಯದು, ಬಣ್ಣದ್ದಾದರೆ ತೇವದಲ್ಲಿ ಸೀರೆಗೆ ಬಿಡುವ ಅಪಾಯವಿದೆ. ಹೊಲಿಯುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ, ಆಗಲೇ ಕುಗ್ಗಿಬಿಡಲಿ. ಅಂಕಣಕ್ಕೊಂದು ಪರದೆ; ಅಗಲ 2 ಅಡಿ 6 ಇಂಚಿನ ಒಂದೂವರೆ ಪಟ್ಟು. ಮೇಲೆ ಸ್ಪ್ರಿಂಗ್ ವೈರ್ ತೂರಲು ಒಂದು ಇಂಚಿನ ನೆರಿಗೆ ಪಟ್ಟಿ, ಕೆಳಗೆ 3 ಇಂಚು ಮಡಿಕೆ. ಮಡಿಕೆ ಅಗಲವಿದ್ದಷ್ಟೂ ಪರದೆ ಫ್ಯಾನಿನ ಗಾಳಿಗೆ ಹಾರದೆ ತನ್ನ ಭಾರಕ್ಕೆ ತಾನೇ ನೆಟ್ಟಗೆ ನಿಲ್ಲುತ್ತದೆ.