ಪವರ್ ಸಪ್ಲೈಗೆ ಕಂಪ್ಯೂಟರಿನಿಂದ ಆದೇಶ ಕೊಡುವ ಬಗೆ

ಜಗಳೂರು, ಹೊಳಲ್ಕೆರೆ ಕಡೆಯ ತೋಟಗಳಲ್ಲಿ ಕೊಳವೆಬಾವಿಯ ಮೋಟರನ್ನು ಫೋನಿನಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರುಗಳು ಬಳಕೆಯಲ್ಲಿರುವುದರಿಂದ, ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಅಂಥ ಸ್ಟಾರ್ಟರಿನ ಬೋರ್ಡನ್ನೇ ಆರಿಸಿಕೊಳ್ಳುವುದು ಸಹಜ. 12 ವೋಲ್ಟಿನ ಬೋರ್ಡು ಎಷ್ಟಕ್ಕೆ ಇಳಿದಾಗ ರಿಲೇ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್ಚು) ಬಿಡುತ್ತದೆ, ಎಷ್ಟಕ್ಕೆ ಬೋರ್ಡನ್ನು ನಡೆಸುವ ಚಿಪ್ಪಾದ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ ಎಂಬುದನ್ನು ತಿಳಿಯಲು ವೋಲ್ಟೇಜನ್ನು 0.1 ವೋಲ್ಟಿನ ಹೆಜ್ಜೆಯಲ್ಲಿ ಇಳಿಸುತ್ತ ಹೋಗಬೇಕು. ಈ ಕೆಲಸವನ್ನು ಕೈಯಿಂದ ಗುಂಡಿ ತಿರುಗಿಸಿ ಮಾಡುವುದಕ್ಕಿಂತ ಲ್ಯಾಬಿನ ಪವರ್ ಸಪ್ಲೈಗೆ (ಬೇಕಾದ ವೋಲ್ಟೇಜನ್ನು ಹೊಂದಿಸಿ ಕೊಡುವ ಉಪಕರಣಕ್ಕೆ) ಕಂಪ್ಯೂಟರಿನಿಂದ ಆದೇಶ ಕೊಟ್ಟು ಮಾಡಿಸುವುದು ಒಳ್ಳೆಯದು. ಬೋರ್ಡನ್ನು ಮಾತ್ರ ಸಪ್ಲೈಗೆ ಜೋಡಿಸಬೇಕು. ಮೂರು ಫೇಸಿನ ಕಡೆಯ ಯಾವ ತಂತಿಯೂ ಮೇಜಿನ ಮೇಲೆ ಇರಬಾರದು.

ಇಂದಿನ ಬಹುಪಾಲು ಲ್ಯಾಬ್ ಸಪ್ಲೈಗಳು 1990ರಲ್ಲಿ ರೂಪುಗೊಂಡ ಎಸ್‌ಸಿಪಿಐ ಎಂಬ ಆದೇಶ ಪದ್ಧತಿಯನ್ನು ಅನುಸರಿಸುತ್ತವೆ. ಆದೇಶಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿಯೇ. ಇಲ್ಲಿ ಅವುಗಳ ಪೂರ್ಣರೂಪವನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಪ್ರತಿ ಪದಕ್ಕೂ ಪೂರ್ಣರೂಪ ಮತ್ತು ಹ್ರಸ್ವರೂಪ ಎಂಬ ಎರಡೇ ರೂಪಗಳಿವೆ: ಹ್ರಸ್ವರೂಪವೆಂದರೆ ಸಾಮಾನ್ಯವಾಗಿ ಇಂಗ್ಲಿಷ್ ಪದದ ಮೊದಲ 4 ಅಕ್ಷರ, ನಾಲ್ಕನೆಯದು ಸ್ವರವಾಗಿದ್ದರೆ ಮೊದಲ 3. ನಡುವೆ ಎಲ್ಲೋ ಕತ್ತರಿಸಿದ ಪದವನ್ನು ಉಪಕರಣ ಒಪ್ಪುವುದಿಲ್ಲ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಕಡಿಮೆ ಬೆಲೆಯ ಕೆಲವು ಸಪ್ಲೈಗಳ ಭಾಷೆ ಬೇರೆಯಾಗಿರುತ್ತದೆ. ಉದಾಹರಣೆಗೆ ಕೊರಾಡ್ ಕೆಎ3005ಪಿ ಉಪಕರಣಕ್ಕೆ "ವಿಸೆಟ್1:12.00" ಎಂದು ಕಳಿಸಬೇಕಾಗುತ್ತದೆ. ಆದ್ದರಿಂದ ಕೈಪಿಡಿಯ ಆದೇಶಗಳ ಅಧ್ಯಾಯವನ್ನು ಮೊದಲೇ ತೆರೆದಿಟ್ಟುಕೊಳ್ಳುವುದು ಲೇಸು.

ಪೈಥಾನ್ ಭಾಷೆಯಲ್ಲಿ ಪೈವೀಸಾ ಎಂಬ, ಉಪಕರಣಗಳೊಡನೆ ಮಾತಾಡಲು ಸಿದ್ಧಪಡಿಸಿದ ಕೋಡಿನ ಗ್ರಂಥಾಲಯವನ್ನು ಬಳಸಿದರೆ ಯುಎಸ್‌ಬಿ, ಈಥರ್ನೆಟ್, ಸೀರಿಯಲ್ ಮೂರಕ್ಕೂ ಒಂದೇ ಪ್ರೋಗ್ರಾಂ ಸಾಕು. ಸೀರಿಯಲ್ ಆದರೆ ಬಾಡ್ ದರ (ಸಂಕೇತ ಕಳಿಸುವ ವೇಗ) ಎರಡೂ ಕಡೆ ಒಂದೇ ಇರಬೇಕು, ಪ್ರತಿ ಆದೇಶದ ಕೊನೆಯಲ್ಲಿ ಸಾಲು ಮುಗಿಯಿತೆಂದು ಹೇಳುವ ನ್ಯೂಲೈನ್ ಚಿಹ್ನೆ ಹೋಗಬೇಕು. ಮೊದಲಿಗೆ "*ಐಡಿಎನ್?" ಎಂದು ಕೇಳಿದಾಗ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ಆವೃತ್ತಿ ಬಂದರೆ ದಾರಿ ಸರಿಯಾಗಿದೆ ಎಂದರ್ಥ; ಉತ್ತರ ಬರದೆ ಕಾಯುವ ಅವಧಿ ಮುಗಿದರೆ, ಅಂದರೆ ಟೈಮ್‌ಔಟ್ ಆದರೆ ಹತ್ತರಲ್ಲಿ ಒಂಬತ್ತು ಸಲ ಬಾಡ್ ದರವನ್ನೋ ನ್ಯೂಲೈನನ್ನೋ ನೋಡಬೇಕೇ ಹೊರತು ಕೇಬಲ್ಲನ್ನು ಬೈದು ಪ್ರಯೋಜನವಿಲ್ಲ.

ಮುಂದಿನ ಕ್ರಮವನ್ನು ಅದಲುಬದಲು ಮಾಡಬಾರದು. ಹಿಂದಿನ ಬ್ಯಾಚಿನವರು ಬಿಟ್ಟುಹೋದ ಸೆಟ್ಟಿಂಗ್ ಅಳಿಸಲು "*ಆರ್‌ಎಸ್‌ಟಿ", ಹಳೆಯ ದೋಷಗಳನ್ನು ಅಳಿಸಲು "*ಸಿಎಲ್‌ಎಸ್" ಕಳಿಸಬೇಕು. ಬಳಿಕ ಮಿತಿಗಳು: ವೋಲ್ಟೇಜು ಮೀರಬಾರದ ಗಡಿಗೆ "ವೋಲ್ಟೇಜ್:ಪ್ರೊಟೆಕ್ಷನ್ 13.5", ಕರೆಂಟಿನ ಗಡಿಗೆ "ಕರೆಂಟ್ 1". ಆಮೇಲೆ "ವೋಲ್ಟೇಜ್ 12". ಎಲ್ಲ ಮುಗಿದ ಮೇಲೆಯೇ "ಔಟ್‌ಪುಟ್ ಆನ್". ಎರಡು ಚಾನೆಲ್ಲಿನ (ಪ್ರತ್ಯೇಕ ಔಟ್‌ಪುಟ್‌ಗಳ) ಸಪ್ಲೈ ಆಗಿದ್ದರೆ ಇವೆಲ್ಲಕ್ಕೂ ಮೊದಲು ಚಾನೆಲ್ ಆರಿಸುವ ಆದೇಶ ಹೋಗಬೇಕು, ಇಲ್ಲವಾದರೆ ಮಿತಿ ಒಂದಕ್ಕೆ, ವೋಲ್ಟೇಜು ಇನ್ನೊಂದಕ್ಕೆ ಬೀಳುತ್ತದೆ.

ಕರೆಂಟ್ ಮಿತಿಯ ವಿಷಯದಲ್ಲಿ ಈ ಬೋರ್ಡಿಗೆ ವಿಶೇಷ ಎಚ್ಚರ ಬೇಕು. ಬೋರ್ಡನ್ನು ಫೋನಿನ 2ಜಿ ಜಾಲಕ್ಕೆ ಜೋಡಿಸುವ ಜಿಎಸ್‌ಎಂ ಮಾಡ್ಯೂಲು ಸುಮ್ಮನಿದ್ದಾಗ ಕೆಲವೇ ಮಿಲಿಆಂಪಿಯರ್ ತೆಗೆದುಕೊಂಡರೂ, ಪ್ರಸಾರ ಮಾಡುವ ಕ್ಷಣದಲ್ಲಿ ತನ್ನ 4 ವೋಲ್ಟಿನ ಕಡೆಯಿಂದ 2 ಆಂಪಿಯರಿನವರೆಗೆ ಎಳೆಯಬಲ್ಲದು. ಆ ಎಳೆತ ಇರುವುದು ಸುಮಾರು 0.6 ಮಿಲಿಸೆಕೆಂಡ್ ಮಾತ್ರ, 4.6 ಮಿಲಿಸೆಕೆಂಡಿಗೊಮ್ಮೆ. ಮಿತಿಯನ್ನು 0.2 ಆಂಪಿಯರಿಗೆ ಬಿಗಿದರೆ ಸಪ್ಲೈ ಸ್ಥಿರ ಕರೆಂಟಿನ ಸ್ಥಿತಿಗೆ ಜಾರಿ ವೋಲ್ಟೇಜು ಕುಸಿಯಬಹುದು, ಬೋರ್ಡು ರೀಸೆಟ್ ಆಗಬಹುದು; ಆಗ ತಪ್ಪು ಬೋರ್ಡಿನದೆಂದು ಬರೆದುಕೊಳ್ಳುವ ಅಪಾಯವಿದೆ. "ಮೆಷರ್:ಕರೆಂಟ್?" ಕೇಳಿದರೂ ಬರುವುದು ಸರಾಸರಿ ಬೆಲೆಯಾದ್ದರಿಂದ ಈ ಸಣ್ಣ ಎಳೆತ ಅದರಲ್ಲಿ ಕಾಣುವುದಿಲ್ಲ. ಅದನ್ನು ನೋಡಲೇಬೇಕೆಂದರೆ ಕ್ಷಣಕ್ಷಣದ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು.

ಈಗ ಇಳಿಸುವ ಸುತ್ತು. 12ರಿಂದ 6ರವರೆಗೆ ಪ್ರತಿ ಹೆಜ್ಜೆಗೆ "ವೋಲ್ಟೇಜ್" ಆದೇಶ ಕಳಿಸಿ, ಅರ್ಧ ಸೆಕೆಂಡ್ ಕಾಯ್ದು, "ಮೆಷರ್:ವೋಲ್ಟೇಜ್?" ಕೇಳಿ ಬಂದ ಉತ್ತರವನ್ನೇ ಕಡತದಲ್ಲಿ ಬರೆಯಬೇಕು, ತಾವು ಕಳಿಸಿದ ಸಂಖ್ಯೆಯನ್ನಲ್ಲ. ಏರಿಸುವಾಗ ಇಲ್ಲದ ತೊಂದರೆಯೊಂದು ಇಳಿಸುವಾಗ ಇರುತ್ತದೆ: ಲೋಡು ಕಡಿಮೆಯಿದ್ದಾಗ ಔಟ್‌ಪುಟ್ ಕೆಪಾಸಿಟರಿನಲ್ಲಿ ತುಂಬಿದ ವಿದ್ಯುತ್ತು ಖಾಲಿಯಾಗಲು ಹೊತ್ತು ಹಿಡಿಯುವುದರಿಂದ, ಆದೇಶ 9.0 ಎಂದಿದ್ದರೂ ಟರ್ಮಿನಲ್ಲಿನಲ್ಲಿ 9.3 ನಿಂತಿರಬಹುದು. ಅಂಥಲ್ಲಿ ಕಾಯುವ ಸಮಯವನ್ನು ಹೆಚ್ಚಿಸಿ. ತಂತಿಯನ್ನೂ ಮರೆಯಬಾರದು, 0.1 ಓಮ್ ತಂತಿಯಲ್ಲಿ 1 ಆಂಪಿಯರ್ ಹರಿದರೆ 0.1 ವೋಲ್ಟ್ ಅಲ್ಲೇ ಹೋಗುತ್ತದೆ, ಅಂದರೆ ನಮ್ಮ ಒಂದು ಹೆಜ್ಜೆಯಷ್ಟು. ದೂರದ ತುದಿಯ ವೋಲ್ಟೇಜನ್ನು ಅಳೆದು ಸರಿಪಡಿಸುವ ರಿಮೋಟ್ ಸೆನ್ಸ್ ಟರ್ಮಿನಲ್ ಇದ್ದರೆ ಅದರ ತಂತಿಗಳನ್ನು ಬೋರ್ಡಿನ ತುದಿಗೇ ಜೋಡಿಸಿ.

ಪ್ರತಿ ಹೆಜ್ಜೆಯ ಕೊನೆಗೆ "ಸಿಸ್ಟಮ್:ಎರರ್?" ಕೇಳುವುದನ್ನು ವಿದ್ಯಾರ್ಥಿಗಳು ದಂಡವೆಂದು ಬಿಡುತ್ತಾರೆ, ಆದರೆ ಉಪಕರಣ ತಪ್ಪು ಆದೇಶಕ್ಕೆ ತಾನಾಗಿ ಉತ್ತರ ಕೊಡುವುದಿಲ್ಲ; ದೋಷವನ್ನು ಸರದಿಯಲ್ಲಿ ಬರೆದಿಟ್ಟುಕೊಂಡು ಸುಮ್ಮನಿರುತ್ತದೆ. -113 ಬಂದರೆ ಆದೇಶದ ಪದವೇ ತಪ್ಪು, -222 ಬಂದರೆ ಸಂಖ್ಯೆ ಮಿತಿ ಮೀರಿದೆ, -410 ಬಂದರೆ ಹಿಂದಿನ ಪ್ರಶ್ನೆಯ ಉತ್ತರವನ್ನು ಓದದೆ ಮುಂದಿನದನ್ನು ಕಳಿಸಿದ್ದೀರಿ. ಒಂದು ಸಲ ಓದಿದರೆ ಒಂದೇ ದೋಷ ಹೊರಬರುವುದರಿಂದ 0 ಬರುವವರೆಗೆ ಓದುತ್ತಲೇ ಇರಬೇಕು.

ಕರೆಂಟು ಹೋಗುವ ಊರಿನಲ್ಲಿ ಇನ್ನೊಂದು ಸಂಗತಿಯಿದೆ. ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಸಪ್ಲೈ ಮಾತ್ರ ಆರಿಹೋಗಿರುತ್ತದೆ. ಮತ್ತೆ ಕರೆಂಟು ಬಂದಾಗ ಸಪ್ಲೈ ಸಾಮಾನ್ಯವಾಗಿ ಔಟ್‌ಪುಟ್ ಆಫ್ ಸ್ಥಿತಿಯಲ್ಲಿ ಎದ್ದು ನಿಲ್ಲುತ್ತದೆ, ಹಿಂದೆ ಹಾಕಿದ ಮಿತಿಗಳು ಉಳಿದಿರುತ್ತವೆ ಎಂದು ನಂಬುವಂತಿಲ್ಲ. ಆದ್ದರಿಂದ ಟೈಮ್‌ಔಟ್ ಆದೊಡನೆ ಪ್ರೋಗ್ರಾಂ ನಿಂತು, ಹೊಸದಾಗಿ ಸಂಪರ್ಕ ಪಡೆದು, "*ಆರ್‌ಎಸ್‌ಟಿ"ಯಿಂದಲೇ ಶುರುಮಾಡುವಂತೆ ಬರೆಯಬೇಕು. ನಿಂತ ಹೆಜ್ಜೆಯಿಂದ ಮುಂದುವರಿಸಬಾರದು.

"ಔಟ್‌ಪುಟ್ ಆಫ್" ಆದೇಶವನ್ನು ಪೈಥಾನಿನ ಫೈನಲಿ ಭಾಗದಲ್ಲಿಡಿ, ಪ್ರೋಗ್ರಾಂ ಯಾವ ಸಾಲಿನಲ್ಲಿ ಮುರಿದರೂ ಅದು ಓಡುತ್ತದೆ. ಅದರ ನಂತರ "ಔಟ್‌ಪುಟ್?" ಕೇಳಿ 0 ಬಂದುದನ್ನು ನೋಡಿಕೊಂಡು, ಉಪಕರಣಕ್ಕೆ "ಸಿಸ್ಟಮ್:ಲೋಕಲ್" ಆದೇಶವಿದ್ದರೆ ಅದನ್ನೂ ಕಳಿಸಿ. ಇಲ್ಲವಾದರೆ ಮಧ್ಯಾಹ್ನದ ಬ್ಯಾಚಿನವರಿಗೆ ಮುಂಭಾಗದ ಗುಂಡಿಗಳು ಕೆಲಸ ಮಾಡದೆ, ಸಪ್ಲೈ ಕೆಟ್ಟಿದೆಯೆಂದು ದೂರು ಹೋಗುತ್ತದೆ.