ಊರು ಹೊಳೆ ದಾಟದಂತೆ ನಕ್ಷೆ ಸರಳ ಮಾಡಿದ್ದು: ನನ್ನ ಅನುಭವ

ತುಂಗಭದ್ರೆಯ ಈ ದಡದಲ್ಲಿ ಹಂಪಿ, ಆ ದಡದಲ್ಲಿ ಆನೆಗೊಂದಿ. 1:25,000 ಸ್ಕೇಲಿನ ನಕ್ಷೆಯಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ಅದೇ ಡೇಟಾದಿಂದ 1:10,00,000ಕ್ಕೆ ಇಳಿಸಿ ನೋಡಿ. ಗೆರೆ ಸರಳ ಮಾಡುವಾಗ ಹೊಳೆಯ ತಿರುವು ನೆಟ್ಟಗಾಗಿ, ದಡದ ಊರು ಆಚೆ ಸೇರಿಬಿಟ್ಟಿರುತ್ತದೆ. ಅಲ್ಲಿ ಹೊಳೆಯೇ ಜಿಲ್ಲೆಯ ಗಡಿ. ಅಂದರೆ ವಿಜಯನಗರದ ಊರು ಕೊಪ್ಪಳದ ಲೆಕ್ಕಕ್ಕೆ! "ಆ ಸ್ಕೇಲಿನಲ್ಲಿ ಯಾರು ನೋಡ್ತಾರೆ, ಬಿಡಿ" ಅಂದವರೇ ಜಾಸ್ತಿ. ಜನ ನೋಡದಿರಬಹುದು, ಡೇಟಾಬೇಸಿಗೆ ಹಾಕುವ ಕ್ವೆರಿ ನೋಡುತ್ತದೆ ಅಲ್ವಾ?

ಪದರಕ್ಕೊಂದು ಸಿಂಪ್ಲಿಫೈ (ಗೆರೆ ಸರಳ ಮಾಡುವ ಆಜ್ಞೆ) ಹೊಡೆದರೆ ಹೊಳೆ ಒಂದು ಕಡೆ, ಗಡಿ ಇನ್ನೊಂದು ಕಡೆ, ನಡುವೆ ಬರೀ ಸ್ಲಿವರ್, ಅಂದರೆ ಸೀಳಿನಂಥ ಸಂದು. ಪ್ರಿಸರ್ವ್‌ಟೋಪಾಲಜಿ ಎಂದು, ಅಂದರೆ ಅಕ್ಕಪಕ್ಕದ ಸಂಬಂಧ ಕಾಯುವುದೆಂದು ಹೆಸರಿಟ್ಟುಕೊಂಡ ಫಂಕ್ಷನ್ನೂ ಒಂದೊಂದೇ ಆಕಾರವನ್ನು ಕಾಯುತ್ತದೆ, ಪಕ್ಕದ್ದರ ಗೊಡವೆ ಅದಕ್ಕಿಲ್ಲ. ಮ್ಯಾಪ್‌ಶೇಪರ್ ಎಂಬ ಸಾಧನ ಗಡಿಗಳನ್ನು ಚೆನ್ನಾಗಿ ಜೋಡಿಸಿ ಇಡುತ್ತದೆ, ಆದರೆ ಊರಿನ ಚುಕ್ಕೆಗಳನ್ನು ಕೇಳುವುದೇ ಇಲ್ಲ. ಎಸ್‌ಟಿ_ರಿಲೇಟ್‌ನಿಂದ (ಎರಡು ಆಕಾರಗಳ ಸಂಬಂಧ ಹೇಳುವ ಫಂಕ್ಷನ್) ಸರಳ ಮಾಡುವ ಹಿಂದೆ-ಮುಂದೆ ಹೋಲಿಸಿದ್ದೂ ಆಯಿತು. ಊರು ಯಾವ ದಡದಲ್ಲಿದ್ದರೂ ಹೊಳೆಗೂ ಅದಕ್ಕೂ "ಮುಟ್ಟಿಲ್ಲ" ಎಂಬ ಒಂದೇ ಉತ್ತರ. ಎಡ-ಬಲ ಅದಕ್ಕೆ ಗೊತ್ತಾಗುವುದಿಲ್ಲ.

ಲೈಸೆನ್ಸ್ ಸಾಫ್ಟ್‌ವೇರ್ ಕೇಳಿದರೆ ವರ್ಷಕ್ಕೆ 3 ಲಕ್ಷದ ಹತ್ತಿರ ಅಂದರು. ಇಬ್ಬರು ಹುಡುಗರಿಂದ ಕೈಯಲ್ಲೇ ತಿದ್ದಿಸಿದೆ, 40-50 ಸಾವಿರ ಹೋಯಿತು. ಗಡಿಯ ಹೊಸ ಫೈಲು ಬಂದ ದಿನ ಅಷ್ಟೂ ನೀರಿಗೆ.

ಕೈ ಹಿಡಿದದ್ದು ನಕ್ಷೆಯನ್ನು ಡೇಟಾಬೇಸಿನಲ್ಲಿ ಇಡುವ ಪೋಸ್ಟ್‌ಜಿಐಎಸ್ ಟೋಪಾಲಜಿ. ಹೊಳೆಯ ನಡುಗೆರೆ, ಗಡಿ ಎರಡಕ್ಕೂ ಒಂದೇ ಎಡ್ಜ್, ಅಂದರೆ ಹಂಚಿಕೊಂಡ ಒಂದೇ ಗೆರೆ. ಊರುಗಳನ್ನು ಬೇರೆ ಪದರದಲ್ಲಿ ಇಡದೆ, ಎಸ್‌ಟಿ_ಆಡ್‌ಐಸೋನೋಡ್‌ನಿಂದ ಅದೇ ಟೋಪಾಲಜಿಯೊಳಗೆ ಒಂಟಿ ನೋಡ್ (ಯಾವ ಗೆರೆಗೂ ಸೇರದ ಬಿಂದು) ಮಾಡಿ ಕೂರಿಸಿದೆ. ಈಗ ಎಸ್‌ಟಿ_ಚೇಂಜ್‌ಎಡ್ಜ್‌ಜಿಯೋಮ್‌ಗೆ ಹಳೆ ಗೆರೆಯ ಬದಲು ಸರಳ ಮಾಡಿದ ಗೆರೆ ಕೊಡಿ. ಗೆರೆ ಊರನ್ನು ದಾಟುವಂತಿದ್ದರೆ "ಎಡ್ಜ್ ಮೋಷನ್ ಕೊಲಿಷನ್" ಎಂದು ಡೇಟಾಬೇಸೇ ಅಡ್ಡ ನಿಲ್ಲುತ್ತದೆ. ಆ ಎರರ್ ಹಿಡಿದುಕೊಂಡು, ಅದೊಂದು ಎಡ್ಜಿಗೆ ಮಾತ್ರ ಟಾಲರೆನ್ಸ್ (ಗೆರೆ ಎಷ್ಟು ಸರಿಯಬಹುದು ಎಂಬ ಮಿತಿ) ಅರ್ಧ ಮಾಡಿ ಮತ್ತೆ ಕೊಡುವುದು. 500 ಮೀಟರಿನಿಂದ ಶುರು ಮಾಡಿದ್ದೆ. ನೂರರಲ್ಲಿ ತೊಂಬತ್ತು ಎಡ್ಜ್ ಮೊದಲ ಸಲಕ್ಕೇ ಪಾಸು. ಹಂಪಿಯ ಹತ್ತಿರ ಮಾತ್ರ ಅರವತ್ತು ಮೀಟರಿನ ಆಸುಪಾಸಿಗೆ ಇಳಿಯಬೇಕಾಯಿತು. ಪ್ರತಿ ಸ್ಕೇಲಿಗೂ ಮೂಲದಿಂದಲೇ ಹೊಸ ಕಾಪಿ ತೆಗೆಯಿರಿ, ಸರಳ ಮಾಡಿದ್ದನ್ನೇ ಮತ್ತೆ ಸರಳ ಮಾಡಬೇಡಿ.

ರಾಜ್ಯದ ಸುಮಾರು 29 ಸಾವಿರ ಹಳ್ಳಿ, 16 ಜಿಬಿಯ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್, 28 ಸಾವಿರವೋ ಏನೋ ಕೊಟ್ಟಿದ್ದು. ರಾತ್ರಿ ಹಚ್ಚಿದರೆ ಬೆಳಗಿನ ಕಾಫಿ ಹೊತ್ತಿಗೆ ಮುಗಿದಿರುತ್ತದೆ. "ಯಾರು ನೋಡ್ತಾರೆ" ಅಂದವರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ವಿರೂಪಾಪುರ ಗಡ್ಡೆಯಂಥ ನಡುಗಡ್ಡೆಗೆ ನಡುಗೆರೆ ಯಾವ ಕವಲಲ್ಲಿ ಹಾಯಬೇಕು ಎನ್ನುವುದಕ್ಕೆ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ.

ಸುಮ್ನೆ ಕೋಲಾರದ ಕೆರೆಗಳ ಮೇಲೂ ಇದನ್ನು ಓಡಿಸಿದೆ. ಅಲ್ಲಿಯ ತಂಟೆ ಏರಿ ಮೇಲಿನ ರಸ್ತೆ. ಸ್ಕೇಲ್ ಇಳಿಸಿದರೆ ರಸ್ತೆ ನೀರಿನೊಳಗೆ ಹೋಗುತ್ತದೆ. ಕೆರೆಯ ಅಂಚನ್ನು ಏರಿಯುದ್ದಕ್ಕೂ ರಸ್ತೆಗೇ ಸ್ನ್ಯಾಪ್ ಮಾಡಿ (ಅಂಟಿಸಿ) ಒಂದೇ ಎಡ್ಜ್ ಮಾಡಿದ ಮೇಲೆ ಎರಡೂ ಜೊತೆಗೇ ಸರಿಯುತ್ತವೆ. ಸಾಲು ಕೆರೆಗಳನ್ನು ಕೂಡಿಸಿ ಒಂದು ಮಾಡಲೂ ಹೋಗಿದ್ದೆ. ನಡುವಿನ ಏರಿಗಳೆಲ್ಲ ಮುಳುಗಿದವು, ಬಿಟ್ಟೆ. ಈಗ 5 ಹೆಕ್ಟೇರಿಗಿಂತ ಚಿಕ್ಕ ಕೆರೆಯನ್ನು ತೆಗೆದೇ ಹಾಕುತ್ತೇನೆ, ರಸ್ತೆಯ ಎಡ್ಜ್ ಮಾತ್ರ ಉಳಿಸಿಕೊಳ್ಳುತ್ತೇನೆ.