ಗಡಿ ಮಸುಕಾಗಿ ಕಂಡರೆ ನಂಬಬೇಕಾ?

ಸಿಐಜಿಎಸ್ (ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಸೇರಿದ) ಸೋಲಾರ್ ಸೆಲ್‌ನಲ್ಲಿ ನಾನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಮುಖ್ಯವಾಗಿ ನೋಡುವುದು ಒಂದೇ ಜಾಗ: ಬೆಳಕು ಹೀರುವ ಪದರದ ಮೇಲೆ ಕ್ಯಾಡ್ಮಿಯಂ ಸಲ್ಫೈಡ್ ಕೂತಿರುವ ಗಡಿ. ಆ ಸಲ್ಫೈಡ್ ಪದರದ ದಪ್ಪ ಸುಮಾರು 50 ನ್ಯಾನೋಮೀಟರ್ ಅಷ್ಟೇ. ಚಾರ್ಜ್‌ಗಳು ಬೇರ್ಪಡುವುದು ಇಲ್ಲೇ ಹತ್ತಿರದಲ್ಲಿ. ದೋಷ ಜಾಸ್ತಿ ಇದ್ದರೆ ವೋಲ್ಟೇಜ್ ಬೀಳುತ್ತದೆ. ಕ್ಯಾಡ್ಮಿಯಂ ಕೆಳಗಿನ ಪದರಕ್ಕೆ ಇಳಿದಿದೆಯಾ, ಇಳಿದಿದ್ದರೆ ಎಷ್ಟು ಆಳಕ್ಕೆ ಅನ್ನುವುದು ನನ್ನ ಪ್ರಶ್ನೆ.

ಉತ್ತರ ಅರ್ಧ ನಿರ್ಧಾರವಾಗುವುದು ಸ್ಯಾಂಪಲ್ ಕತ್ತರಿಸುವಾಗಲೇ. ನಾನು ಗ್ಯಾಲಿಯಂ ಅಯಾನ್ ಕಿರಣದಲ್ಲಿ ಅದನ್ನು ತೆಳ್ಳನೆಯ ಹಾಳೆಯಾಗಿ ಕತ್ತರಿಸುತ್ತೇನೆ. ಅದಕ್ಕೂ ಮೊದಲು ಮೇಲ್ಮೈಗೆ ಪ್ಲಾಟಿನಂ ಹೊದಿಸಬೇಕು. ಮೊದಲ ಪದರವನ್ನು ಎಲೆಕ್ಟ್ರಾನ್ ಕಿರಣದಿಂದಲೇ ಹಾಕುತ್ತೇನೆ, ಮೇಲ್ಮೈಗೆ ಪೆಟ್ಟು ಬೀಳಬಾರದು ನೋಡಿ. ದಪ್ಪಗೆ ಹಾಕುವುದು ಆಮೇಲೆ. ಸಿಐಜಿಎಸ್ ಮೇಲ್ಮೈ ಒರಟು. ಹೊದಿಕೆ ಸರಿ ಇಲ್ಲದಿದ್ದರೆ ಕತ್ತರಿಸಿದ ಮುಖದ ಉದ್ದಕ್ಕೂ ಪರದೆಯ ಮಡಿಕೆಗಳಂತೆ ಗೆರೆ ಬೀಳುತ್ತವೆ. ಅಯಾನ್ ಕಿರಣವನ್ನು 30 ಕಿಲೋವೋಲ್ಟ್‌ನಲ್ಲಿ ಶುರುಮಾಡಿ 5ಕ್ಕೆ, ಕೊನೆಗೆ 2ಕ್ಕೆ ಇಳಿಸುತ್ತೇನೆ. ಹಾಳೆ ತೆಳುವಾದಂತೆ ಎಲೆಕ್ಟ್ರಾನ್ ಚಿತ್ರದಲ್ಲಿ ಬೆಳ್ಳಗಾಗುತ್ತಾ ಬರುತ್ತದೆ. ಅಲ್ಲಿಂದ ಮುಂದೆ ಕೈ ನಿಧಾನ ಮಾಡಬೇಕು.

ಹಾಳೆಯನ್ನು ಅಂಟಿಸುವ ಗ್ರಿಡ್ (ಪುಟ್ಟ ಲೋಹದ ಚೌಕಟ್ಟು) ಯಾವುದು ಅನ್ನುವುದೂ ಮುಖ್ಯ. ಎಲೆಕ್ಟ್ರಾನ್ ತಾಗಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇ ಸೂಸುತ್ತದೆ, ಆ ಗೆರೆಗಳಿಂದಲೇ ಧಾತು ಗುರುತಿಸುವುದು; ಗ್ರಿಡ್ ಕೂಡ ಸೂಸುತ್ತದೆ. ತಾಮ್ರದ ಗ್ರಿಡ್ ಬೇಡವೇ ಬೇಡ, ಸೆಲ್‌ನಲ್ಲೇ ತಾಮ್ರ ಇದೆಯಲ್ವಾ. ಮಾಲಿಬ್ಡಿನಂ ಗ್ರಿಡ್ ಕೂಡ ತೊಂದರೆ. ಅದರ ಎಕ್ಸ್‌ರೇ ಗೆರೆ 2.29 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಸಲ್ಫೈಡ್‌ನಲ್ಲಿರುವ ಗಂಧಕದ್ದು 2.31ರಲ್ಲಿ. ಡಿಟೆಕ್ಟರ್‌ಗೆ ಎರಡೂ ಒಂದೇ. ಹಾಗಾಗಿ ನಾನು ಟೈಟಾನಿಯಂ ಬಳಸುತ್ತೇನೆ.

ಕ್ಯಾಡ್ಮಿಯಂ ಮತ್ತು ಇಂಡಿಯಂ ಇನ್ನೂ ಕಷ್ಟದ ಜೋಡಿ. ಅವುಗಳ ಕಡಿಮೆ ಶಕ್ತಿಯ ಎಲ್ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಸಾಫ್ಟ್‌ವೇರ್ ಬಿಡಿಸಿಕೊಟ್ಟ ನಕ್ಷೆಯನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ಹೆಚ್ಚು ಶಕ್ತಿಯ ಕೆ ಗೆರೆಗಳು 23.2 ಮತ್ತು 24.2 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬೇರೆಬೇರೆಯಾಗಿ ನಿಲ್ಲುತ್ತವೆ. ಸಿಗ್ನಲ್ ಕಡಿಮೆ, ಹೆಚ್ಚು ಹೊತ್ತು ಕಾಯಬೇಕು. ಆದರೆ ನಾನು ನಂಬುವುದು ಅದನ್ನೇ.

ಇಷ್ಟಾದ ಮೇಲೂ ಗಡಿ ಮಸುಕಾಗಿ ಕಂಡರೆ, ಕ್ಯಾಡ್ಮಿಯಂ ಒಳಗಿಳಿದಿದೆ ಎಂದು ತಕ್ಷಣ ಬರೆಯುವುದಿಲ್ಲ. ಒರಟು ಗಡಿಯೊಂದು 100 ನ್ಯಾನೋಮೀಟರ್ ದಪ್ಪದ ಹಾಳೆಯೊಳಗೆ ಓರೆಯಾಗಿ ಹಾದುಹೋದರೂ ಹಾಗೇ ಕಾಣುತ್ತದೆ. ಸ್ಯಾಂಪಲ್ಲನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ ಹೋಗುತ್ತೇನೆ. ಮಸುಕಿನ ಅಗಲ ಬದಲಾದರೆ ಅಷ್ಟು ಭಾಗ ನೋಟದ ಕೋನದ್ದು. ಅತಿ ಕಡಿಮೆ ಅಗಲ ಸಿಕ್ಕ ಕೋನದಲ್ಲಿ ಮಾತ್ರ ಅಳೆಯುತ್ತೇನೆ. ಅಲ್ಲಿ ತಾಮ್ರವನ್ನೂ ನೋಡುತ್ತೇನೆ. ಒಳಗೆ ಇಳಿದ ಕ್ಯಾಡ್ಮಿಯಂ ತಾಮ್ರದ ಖಾಲಿ ಜಾಗದಲ್ಲಿ ಕೂರುತ್ತದೆ. ಕ್ಯಾಡ್ಮಿಯಂ ಹೆಚ್ಚಾದ ಕಡೆಯೇ ತಾಮ್ರ ಕಡಿಮೆಯಾಗಿದ್ದರೆ, ಕ್ಯಾಡ್ಮಿಯಂ ಒಳಗಿಳಿದಿದ್ದು ನಿಜವೆಂದು ದಾಖಲಿಸುತ್ತೇನೆ.

ಸೆಲ್‌ನಲ್ಲಿರುವ ಸೋಡಿಯಂ ಮಾತ್ರ ಈ ದಾರಿಯಲ್ಲಿ ಸಿಗುವುದಿಲ್ಲ. ಅದರ ಗೆರೆ ಸೆಲ್‌ನ ಮೇಲಿನ ಪದರದಲ್ಲಿರುವ ಸತುವಿನ ಗೆರೆಯ ಪಕ್ಕದಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೆ ಆಟಂ ಪ್ರೋಬ್ (ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಗುರುತಿಸುವ ಉಪಕರಣ) ಬೇಕು.